ಬೀರಪ್ಪ ತೆರೆದ ಅಗಸಿ

"ಸತ್ತಾವ್ರು ಏಳಬ್ಯಾಡ್ರಿ! ಕಾಳಗ ಇನ್ನಾ ಮುಗದಿಲ್ಲ!"

ರಾಜಮತಿಯ ಕೂಗಿಗೆ ಕಬ್ಬು ಕಡಿದ ಹೊಲದಲ್ಲಿ ಎದ್ದು ಕೂತಿದ್ದ ಹತ್ತಾರು ಹೆಣಗಳು ಮತ್ತೆ ಅಂಗಾತ ಮಲಗಿದವು. ಒಂದು ಹೆಣ ಮಾತ್ರ ದ್ರಾಕ್ಷಿಗೆ ಹೊಡೆಯುವ ಔಷಧದ ಬಗ್ಗೆ ಫೋನಿನಲ್ಲಿ ಮಾತಾಡುತ್ತಲೇ ಇತ್ತು. ಆಕೆ ಹತ್ತಿರ ಹೋಗಿ ಸುಮ್ಮನೆ ನಿಂತಳು. ಹೆಣ ಫೋನನ್ನು ಢಾಲಿನ ಕೆಳಗೆ ತೂರಿಸಿ ಕಣ್ಣು ಮುಚ್ಚಿತು.

ಮಾಳಿಂಗವಾಡಿಯ ಗಢಿ ಕಾಳಗಕ್ಕೆ ಇನ್ನು ಮೂರೇ ದಿನ. ಊರ ತಲೆಯ ಮೇಲಿನ ಆ ಹಾಳು ಮಣ್ಣಿನ ಕೋಟೆಯ ಮುಂದೆ ಹಿಂದೆಂದೋ ನಡೆದ ಮುತ್ತಿಗೆಯನ್ನು ಆರು ವರ್ಷಗಳಿಂದ ಊರವರೇ ಆಡಿ ತೋರಿಸುತ್ತಿದ್ದರು. ಅದನ್ನು ಕಟ್ಟಿ ನಿಲ್ಲಿಸಿದವಳು ರಾಜಮತಿ. ರಾಯಬಾಗದಿಂದ ಎಂಟು ಕುದುರೆ, ನಿಪ್ಪಾಣಿಯ ದರ್ಜಿ ಹೊಲಿದ ನೂರಾ ನಲವತ್ತು ಅಂಗರಖಾ, ಪೊಲೀಸರ ಪರವಾನಗಿ, ಸದ್ದಿಗಷ್ಟೇ ಹಾರಿಸುವ ತೋಪಿನ ಮದ್ದು, ಮಧ್ಯಾಹ್ನದ ಜುಣಕ-ಭಾಕರಿ, ಎಲ್ಲದರ ಹೊಣೆಯೂ ಆಕೆಯದೇ. ಮೈಕು ಹಿಡಿದು ಕನ್ನಡದಲ್ಲೂ ಮರಾಠಿಯಲ್ಲೂ ಕಥೆ ಹೇಳುವವಳೂ ಆಕೆಯೇ. ಗಂಡ ಪಾರಿಸ ದಂಡೆತ್ತಿ ಬರುವ ಸರದಾರ. ಯಾರು ಯಾವ ಬುರುಜಿನ ಕೆಳಗೆ ಎಷ್ಟು ಹೊತ್ತಿಗೆ ಬೀಳಬೇಕೆಂದು ಕೇಳಿದರೆ ಆಕೆ ಚೀಟಿ ನೋಡದೆ ಹೇಳುತ್ತಿದ್ದಳು.

ಈ ಸಲ ಒಂದೇ ಒಂದು ಪಾತ್ರ ತುಂಬಿರಲಿಲ್ಲ. ಮುತ್ತಿಗೆಯ ಹನ್ನೊಂದನೇ ದಿನ ಶತ್ರುಗಳಿಂದ ಹೊನ್ನಿನ ಚೀಲ ಇಸಿದುಕೊಂಡು ಅಗಸಿ ಬಾಗಿಲು ತೆರೆಯುವ ಕಾವಲುಗಾರ, ಫಿತೂರಿ ಬೀರ್ಯಾ. ಹೋದ ವರ್ಷ ಆ ಪಾತ್ರ ಮಾಡಿದ ಕೊಕಟನೂರಿನ ನಾಟಕದವನಿಗೆ ಜನ ಸಿಟ್ಟಿನಲ್ಲಿ ಮಣ್ಣಿನ ಹೆಂಟೆ ಎಸೆದಿದ್ದರು. ಹಣೆಗೆ ಮೂರು ಹೊಲಿಗೆ ಬಿದ್ದಿದ್ದವು. ಈಗ ಅವನು ಫೋನೇ ಎತ್ತುತ್ತಿರಲಿಲ್ಲ.

"ಬೇಕಾದ್ರ ನಾಕ ಸಲ ಸಾಯ್ತೇನ್ರಿ ವೈನಿ, ಅದೊಂದ್ ಬ್ಯಾಡ್ರಿ," ಎಂದು ಕೇಳಿದವರೆಲ್ಲ ಕೈಮುಗಿದರು.

ಅಣ್ಣಾಸಾಬ ಬುರುಜಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಕಾಳಗದಲ್ಲಿ ಗಢಿಯ ಕಿಲ್ಲೇದಾರ ಅವನೇ. ಆ ಕಿಲ್ಲೇದಾರನ ವಂಶದವರೇ ತಾವು ಎಂದು ಹೇಳಿಕೊಳ್ಳುವ ದೊಡ್ಡ ಮನೆತನದ ಹಿರಿಯ. "ಅದಕ್ಯಾಕಿಷ್ಟ ತಲಿ ಕೆಡಿಸ್ಕೋತಿ ತಂಗಿ? ಭರತಗ ಹೇಳ. ಹೆಂಗೂ ಅವ್ರ ಮನಿತಾನದ್ದ ಪಾರ್ಟು," ಎಂದ.

ನಾಲ್ಕಾರು ಜನ ನಕ್ಕರು. ಕುರಿ ಕಾಯುವ ಹೊಳೆವ್ವನ ಮೊಮ್ಮಗ ಭರತ ಗಢಿಯ ಕಡೆಯ ಭರ್ಚಿ ಹಿಡಿದ ಈಟಿಗಾರರ ಸಾಲಿನಲ್ಲಿದ್ದ. ಕವಣೆ ಬೀಸಿದರೆ ಅವನಷ್ಟು ದೂರ ಎಸೆಯುವವರು ದಂಡಿನಲ್ಲಿ ಬೇರೆ ಇರಲಿಲ್ಲ. ಅವನು ನಗಲಿಲ್ಲ. ಕೈಯಲ್ಲಿದ್ದ ಭರ್ಚಿಯನ್ನು ಗೋಡೆಗೆ ಆನಿಸಿಟ್ಟು, ಅಂಗರಖಾ ಬಿಚ್ಚಿ ಮಡಚಿ ಅದರ ಪಕ್ಕಕ್ಕಿಟ್ಟು, ಹೊರಟು ಹೋದ.

ರಾಜಮತಿ ತಾಲೀಮು ನಿಲ್ಲಿಸಿ ಸ್ವಲ್ಪ ಹೊತ್ತಿನಲ್ಲೇ ಅವನು ಹೋದ ದಾರಿ ಹಿಡಿದಳು. ಮುಂದಿನ ಹೊಲದಲ್ಲಿ ಅವರ ಕುರಿಹಟ್ಟಿ. ಬಲೆಯ ಬೇಲಿಯ ಬದಿಗೆ ಹೊಳೆವ್ವ ಒಂದು ಮರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದಳು. ಭರತ ಅಜ್ಜಿಗೆ ಆಗಲೇ ಎಲ್ಲ ಹೇಳಿದ್ದನೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಕುಂದರ ನನ್ನವ್ವಾ," ಎಂದಳು ಹೊಳೆವ್ವ, ತಲೆ ಎತ್ತದೆ. "ನಮ್ಮ ಹಿರ್ಯಾನ್ನ ವರ್ಷಾ ನಿಂದರಿಸಿ ಬೈಸ್ತೀರಿ. ನಾನೂ ವರ್ಷಾ ಬಂದ ನೋಡ್ತೇನಿ."

"ನೀವು ಬರ್ತೀರೇನ್ರಿ ಆಯಿ?"

"ಹಿಂದ, ಬೇವಿನ ಗಿಡದ ಬುಡಕ. ಬೀರಪ್ಪ ಬಾಗಲಾ ತಗದದ್ದು ಖರೆ. ಅದನ್ನ ನಮ್ಮವರು ಎಂದೂ ಇಲ್ಲಂದಿಲ್ಲ. ಒಳಗಿನ ಬಾಂವಿ ಬತ್ತಿತ್ತು. ಮಂದಿ, ದನಾ, ಕುರಿ, ಎಲ್ಲಾ ಒಳಗ. ಹಸುಗೂಸ ಸಾಯಾಕತ್ತಿದ್ವಂತ. ಅಂವ ಬಾಗಲಾ ತಗದು, ತಲಿ ರುಮಾಲ ಕೈಯಾಗ ಹಿಡಕೊಂಡು, ಮೊದಲ ಇವಕ್ಕ ನೀರ ಕುಡಸ್ರಿ, ಆಮ್ಯಾಲ ನನ್ನ ಕಡೀರಿ ಅಂದ್ನಂತ. ಕಡದ್ರು." ಆಕೆ ಮುಳ್ಳನ್ನು ಕಿತ್ತು ಉಗುರಿನಿಂದ ಚಿಮ್ಮಿದಳು. "ಚೀಲದ ಮಾತ ನಮ್ಮ ಮನ್ಯಾಗ ಯಾರೂ ಹೇಳಿಲ್ಲ. ಅದನ್ನ ಎಲ್ಲಿಂದ ತಂದ್ರೆವ್ವಾ?"

ರಾಜಮತಿಗೆ ಉತ್ತರ ಗೊತ್ತಿತ್ತು. ಮೊದಲನೇ ವರ್ಷ, ದೂರ ಕೂತ ಜನಕ್ಕೆ ದ್ರೋಹ ಕಣ್ಣಿಗೆ ಕಾಣಬೇಕಲ್ಲ ಎಂದು, ಹಳೆಯ ಸೀರೆಯ ಕೆಂಪು ಸೆರಗು ಕತ್ತರಿಸಿ ಆಕೆಯೇ ಆ ಚೀಲ ಹೊಲಿದಿದ್ದಳು. ಸದ್ದು ಬರಲೆಂದು ಒಳಗೆ ಸೋಡಾ ಬಾಟಲಿಯ ಮುಚ್ಚಳ ತುಂಬಿದ್ದಳು. ಮೈಕಿನ ಹತ್ತಿರ ಅಲ್ಲಾಡಿಸಿದಾಗ ಜನ ಹೋ ಎಂದಿದ್ದರು. ಆ ದಿನ ಆಕೆಗೆ ತನ್ನ ಬುದ್ಧಿಯ ಬಗ್ಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಮನೆಗೆ ಹೋಗಿ ಪಾರಿಸನಿಗೆ ಎರಡು ಸಲ ಹೇಳಿದ್ದಳು.

"ನಾನ ಹೊಲ್ದೇನ್ರಿ ಆಯಿ," ಎಂದಳು.

ಹೊಳೆವ್ವ ಆಕೆಯನ್ನು ದಿಟ್ಟಿಸಿ ನೋಡಿದಳು. ಬೈಯಲಿಲ್ಲ. ಮರಿಯನ್ನು ಕೆಳಗಿಳಿಸಿ, "ಹಂಗಾರ ನೀನ ಬಿಚ್ಚಬೇಕು," ಎಂದಷ್ಟೇ ಅಂದಳು.

ಗಢಿಗೆ ಮರಳುವ ದಾರಿಯಲ್ಲೇ ರಾಜಮತಿಯ ಮನಸ್ಸು ಲೆಕ್ಕ ಹಾಕತೊಡಗಿತ್ತು. ಬಾಗಿಲಿನ ಪ್ರಸಂಗಕ್ಕೆ ಆರು ನಿಮಿಷ ಹೆಚ್ಚು ಬೇಕು. ಕುದುರೆಗಳನ್ನು ಐವತ್ತು ಹೆಜ್ಜೆ ಹಿಂದೆ ನಿಲ್ಲಿಸಬೇಕು. ತೋಪು ಮೊದಲೇ ಹಾರಿಬಿಡಬೇಕು, ಇಲ್ಲವಾದರೆ ಕುರಿ ಬೆದರುತ್ತವೆ. ಮಾಡಬಹುದು. ಎರಡು ದಿನ ಬೇಕಾದಷ್ಟಾಯಿತು.

ಹೊಳೆವ್ವ ಹೇಳಿದಂತೆಯೇ ಆಡಿಸುತ್ತೇನೆಂದು ಆಕೆ ಅಂದದ್ದನ್ನು ಕೇಳಿ ಅಣ್ಣಾಸಾಬ ಕೆಂಡವಾದ. "ಕುರುಬರ ಮುದುಕಿ ಹೇಳಿದ್ದಕ್ಕ ಪುರಾವೆ ಏನೈತಿ?"

"ಚೀಲಕ್ಕ ಏನ ಪುರಾವೆ ಇತ್ತ್ರಿ ಮಾಮಾ? ಆರ ವರ್ಷ ಯಾರೂ ಕೇಳ್ಲಿಲ್ಲ."

"ಫಿತೂರಿ ಇಲ್ದ ನಮ್ಮವರು ಸೋತದ್ದ್ ಹೆಂಗ?"

"ನೀರಿಲ್ದ ಸೋತಾರ್ರಿ."

ಅಣ್ಣಾಸಾಬ ಕುರ್ಚಿಯ ಕೈ ಹಿಡಿದು ಎದ್ದು, "ಹಂಗಾರ ನಿಮ್ಮ ಕಿಲ್ಲೇದಾರನ್ನ ನೀವ ಹುಡುಕ್ಕೋರಿ," ಎಂದು ಹೊರಟ. ಪಾರಿಸ ಹೆಂಡತಿಯ ಕಡೆ ನೋಡಿದ. ಅಣ್ಣಾಸಾಬನಿಲ್ಲದೆ ಕಾಳಗ ನಡೆದದ್ದೇ ಇರಲಿಲ್ಲ. ರಾಜಮತಿ ಅವಸರ ಮಾಡಲಿಲ್ಲ. "ಮಾಮಾರ," ಎಂದು ಹಿಂದಿನಿಂದ ಕರೆದಳು. "ನಿಮ್ಮ ಹಿರ್ಯಾರನ್ನ ನಾ ಸಣ್ಣಾವ್ರನ್ನ ಮಾಡೂದಿಲ್ಲ. ಬುರುಜಿನ ಮ್ಯಾಲಿನ ಜಾಗಾ ನಿಮ್ಮದ. ಬೇರೆ ಯಾರನ್ನೂ ನಿಂದರಿಸೂದಿಲ್ಲ. ಬಂದ್ರ ನೀವು, ಇಲ್ಲಾಂದ್ರ ಅದು ಖಾಲಿ." ಅವನು ತಿರುಗಿ ನೋಡಲಿಲ್ಲ.

ಭರತನನ್ನು ಆಕೆ ಗಢಿಗೆ ಕರೆಸಿ ಒಮ್ಮೆಯೇ ಕೇಳಿದಳು. "ಫಿತೂರಿ ಅಲ್ಲ. ಬೀರಪ್ಪ. ನಿಂದರ್ತಿಯೇನಪಾ?" ಅವನು ಮಡಚಿಟ್ಟ ಅಂಗರಖಾವನ್ನು ಮತ್ತೆ ಕೈಗೆತ್ತಿಕೊಂಡ.

ಕಾಳಗದ ದಿನ ಶಿರಗುಪ್ಪಿ, ಸತ್ತಿ ಕಡೆಯಿಂದೆಲ್ಲ ಟ್ರ್ಯಾಕ್ಟರು ತುಂಬಿ ಜನ ಬಂದರು. ಟ್ರೇಲರುಗಳನ್ನೇ ಸಾಲಾಗಿ ನಿಲ್ಲಿಸಿ ಅದರ ಮೇಲೆ ಕೂತರು. ತೋಪು ಹಾರಿತು, ಬುರುಜಿನಿಂದ ಕವಣೆಕಲ್ಲುಗಳ ಬದಲು ಮಣ್ಣಿನುಂಡೆಗಳು ಬಂದವು, ಬೀಳಬೇಕಾದವರು ಬೀಳಬೇಕಾದಲ್ಲೇ ಬಿದ್ದರು. ಅಣ್ಣಾಸಾಬ ತಡವಾಗಿ ಬಂದಿದ್ದ. ಯಾರ ಜೊತೆಗೂ ಮಾತಾಡದೆ, ಪೂರ್ತಿ ಪೋಷಾಕಿನಲ್ಲಿ, ನೇರ ಬುರುಜು ಹತ್ತಿ ನಿಂತಿದ್ದ.

ಅಗಸಿ ಕಿರುಗುಟ್ಟಿ ತೆರೆಯಿತು. ಭರತ ಬರಿಗೈಯಲ್ಲಿ ಹೊರಬಂದ.

"ಫಿತೂರಿ! ಹೊಡೀರಿ ಅವ್ನ!" ಟ್ರೇಲರುಗಳಿಂದ ಕೂಗು ಎದ್ದಿತು. ಒಂದು ಹೆಂಟೆ ಬಂದು ಅವನ ಕಾಲ ಬಳಿ ಒಡೆಯಿತು. ಅವನು ಕದಲಲಿಲ್ಲ.

"ತಡೀರಿ," ಎಂದಳು ರಾಜಮತಿ ಮೈಕಿನಲ್ಲಿ. "ಇಂವ ಬೀರಪ್ಪ. ಆರ ವರ್ಷ ಇವನ ಕೈಯಾಗ ಹೊನ್ನಿನ ಚೀಲಾ ನೋಡೀರಿ. ಆ ಚೀಲಾ ನಾ ಹೊಲ್ದದ್ದು. ಅದು ಸುಳ್ಳು. ತಪ್ಪ ನನ್ನದು, ಅವನದಲ್ಲ. ಅವನ ಮನಿಯವರು ಹೇಳೂದ ಬ್ಯಾರೆ ಐತಿ. ಅದನ್ನ ಇವತ್ತ ನೋಡ್ರಿ." ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡದೆ.

ಭರತ ರುಮಾಲು ತೆಗೆದು ಎರಡೂ ಕೈಯಲ್ಲಿ ಹಿಡಿದ. "ಮೊದಲ ಇವಕ್ಕ ನೀರ ಕುಡಸ್ರಿ," ಎಂದ. ಮೈಕಿಲ್ಲದೆಯೂ ಅದು ಕೊನೆಯ ಟ್ರೇಲರಿನವರೆಗೆ ಕೇಳಿಸಿತು. ಮೇಲೆ ಬುರುಜಿನಲ್ಲಿ, ಯಾರೂ ಹೇಳಿಕೊಡದ ಒಂದು ಕೆಲಸವನ್ನು ಅಣ್ಣಾಸಾಬ ಮಾಡಿದ: ಎತ್ತಿ ಹಿಡಿದಿದ್ದ ಕತ್ತಿಯನ್ನು ಇಳಿಸಿ ಒರೆಗೆ ಸೇರಿಸಿದ.

ಖಾಲಿ ಕೊಡ ಹೊತ್ತ ಹೆಂಗಸರು ಹೊರಬಂದರು. ಅವರ ಹಿಂದೆ ಕೋಲು ಹಿಡಿದ ಹೊಳೆವ್ವ, ಆಕೆಯ ಹಿಂದೆ ಕುರಿಗಳು. ನಲವತ್ತು ಸಾಕೆಂದು ರಾಜಮತಿ ಹೇಳಿದ್ದಳು. ಮುದುಕಿ ಇಡೀ ಹಿಂಡನ್ನೇ ತಂದಿದ್ದಳು.

ಹೊಲದ ನಡುವೆ ಪಾರಿಸ ಕುದುರೆಯ ಲಗಾಮು ಎಳೆದು ಹಿಡಿದ. ಯಾವಾಗ ಏರಿ ಹೋಗಲಿ ಎಂದು ಹೆಂಡತಿಯ ಕಡೆ ನೋಡಿದ. ಆಕೆ ನಿಲ್ಲು ಎಂದು ಕೈ ತೋರಿಸಿದಳು. ಅವನ ಕುದುರೆ ಪಕ್ಕಕ್ಕೆ ಸರಿಯಿತು, ಅದನ್ನು ನೋಡಿ ಉಳಿದ ಏಳೂ ಸರಿದವು. ನಡುವೆ ಬಿಟ್ಟ ದಾರಿಯಲ್ಲಿ ಕುರಿಗಳು ಧೂಳೆಬ್ಬಿಸುತ್ತ ಹೊಲದಾಚೆಯ ಕಾಲುವೆಯತ್ತ ಇಳಿದವು. ಮುಂದಿನವು ಆಗಲೇ ನೀರಿಗೆ ಮೂತಿ ಇಟ್ಟಿದ್ದವು. ಅಗಸಿಯಿಂದ ಇನ್ನೂ ಬರುತ್ತಲೇ ಇದ್ದವು.