ಅಕ್ಕಿ ಡಬ್ಬಿಯ ಹತ್ತು ಗುಳಿಗೆ

ತಣ್ಣಗಿದೆ ಈ ಹಲಗೆ, ಹೊಟ್ಟೆಯ ಮೇಲೆ ಗೇಣೆತ್ತರಕ್ಕೆ ಆ ದಪ್ಪ ಕ್ಯಾಮೆರಾ ಬಂದು ನಿಂತಿದೆ, ಕಾಕಾ ಹಲೂ ನಕಾ, ಅಲುಗಾಡಬೇಡವಂತೆ, ಕೊಲ್ಲಾಪುರದ ನರ್ಸು, ತೋಳಿಗೆ ಚುಚ್ಚಿದ ಮದ್ದು ಈಗ ಎಲ್ಲಿ ಮುಟ್ಟಿತೋ — ಡಾಕ್ಟರು ಹೇಳಿದ್ದಾರೆ, ಅದು ಲಿವರಿಗೆ ಹೋಗಿ ಪರದೆ ಮ್ಯಾಲ ಬೆಳಕಾಗಿ ಕಾಣತೈತ್ರಿ ಜಿನ್ನಪ್ಪಾರ, ಆಮ್ಯಾಲ ಪಿತ್ತದ ಜೋಡಿ ಕರುಳಿಗೆ ಇಳೀಬೇಕು, ಇಳೀಲಿಲ್ಲಂದ್ರ ನಿಮ್ಮ ಮೈ ಹೊಸಾ ಲಿವರನ್ನ ಒಲ್ಲೆ ಅನ್ನಾಕತ್ತಿರಬಹುದು. ಹೊಸದು ಎಂದರೇನು, ನನ್ನ ಮಗಳು ಪೂನಮಳದು, ಅರ್ಧ ಕೊಯ್ದು ನನಗೆ ಹಾಕಿ ಏಳು ತಿಂಗಳಾಯಿತು. ಗಾಜಿನ ಆಚೆ ಕೂತಿದ್ದಾಳೆ, ತೊಡೆಯ ಮೇಲೆ ಚೀಲ, ಚೀಲದಲ್ಲಿ — ಬೇಡ, ಪರದೆ ನೋಡು, ಬೆಳ್ಳಗೆ ಒಂದು ಮುದ್ದೆ, ಅದು ಅವಳದೇ.

ಮೈ ಲಿವರನ್ನ ಒಲ್ಲೆ ಅನ್ನದಂಗ ಕೊಟ್ಟ ಗುಳಿಗಿ ತಪ್ಪಿಸೀರೇನ್ರಿ, ಬೆಳಿಗ್ಗೆ ಡಾಕ್ಟರು ಕೇಳಿದರು, ನಾನು ಬಾಯಿ ಬಿಡುವ ಮೊದಲೇ ಪೂನಮ, ನಾನ ಕೈಯಾರೆ ಕೊಡ್ತೀನ್ರಿ, ಒಂದೂ ತಪ್ಪಿಲ್ಲ. ನಾನು ಹೂಂ ಅಂದೆ. ಸದಲಗಾದ ಡೈರಿಯಲ್ಲಿ ಮೂವತ್ತು ವರ್ಷ ಹಾಲಿಗೆ ನೀರು ಹಾಕಿದವರನ್ನು ಹಿಡಿದವನು, ಈಗ ಈ ಯಂತ್ರ ನನ್ನನ್ನು ಹಿಡಿಯುತ್ತದೆ. ನೇಮ ಹಿಡಿದದ್ದು ಅವಳಿಗಾಗಿಯೇ, ನನಗಿಂತ ಮೊದಲು ಅವಳ ಸ್ಟ್ರೆಚರ್ ಆಪರೇಶನ್ನಿಗೆ ಹೋಯಿತು, ಮಗಳು ಎದ್ದು ಕೂತರೆ ನಮ್ಮ ಜೈನರ ದಶಲಕ್ಷಣ ಪರ್ವದ ಹತ್ತೂ ದಿನ ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟೆ ಎಂದೆ. ಎದ್ದಳು. ಪರ್ವವೂ ಬಂತು, ರಾತ್ರಿ ಎಂಟಕ್ಕೆ ಗುಳಿಗೆ ಹಿಡಿದು ಅವಳೂ ಬಂದಳು, ಅಪ್ಪಾ, ಹೊತ್ತು ತಪ್ಪಬಾರ್ದು — ಇಟ್ಟ ಹೋಗವ್ವಾ, ತಗೋತೀನಿ. ಮುನಿ ಮಹಾರಾಜರನ್ನು ಕೇಳಬಹುದಿತ್ತು, ಔಷಧಕ್ಕೆ ದೋಷವಿಲ್ಲ ಎಂದುಬಿಟ್ಟಾರು ಎಂದೇ ಕೇಳಲಿಲ್ಲ, ಹಟಮಾರಿ ಮುದುಕ. ಅವಳು ಕೊಟ್ಟದ್ದನ್ನು ಚೆಲ್ಲಲು ಕೈ ಬರಲಿಲ್ಲ, ಬಸದಿಗೆ ಒಯ್ಯುವ ಅಕ್ಕಿಯ ಹಿತ್ತಾಳೆ ಡಬ್ಬಿಯಲ್ಲಿ ಒಂದೊಂದಾಗಿ ಹೂತಿಟ್ಟೆ, ಬಿಳಿ ಅಕ್ಕಿಯಲ್ಲಿ ಕೆಂಪು ಗುಳಿಗೆ. ಇವತ್ತು ಹೊರಡುವಾಗ, ಹೊಳ್ಳಿ ಬರೂ ಹಾದ್ಯಾಗ ಬಸದಿಗೆ ಹೋಗೂಣು ಅಂತ ಡಬ್ಬಿಯನ್ನು ಅವಳೇ ಚೀಲಕ್ಕೆ ಹಾಕಿದಳು, ಬೇಡ ಎಂದರೆ ಯಾಕೆ ಎನ್ನುತ್ತಾಳೆಂದು ಚಪ್ಪಲಿ ಮೆಟ್ಟಿ ಹೊರಟೆ.

ಮುದ್ದೆ ಅಲ್ಲೇ ಇದೆ, ಇಳಿದಿಲ್ಲ, ಅರ್ಧ ತಾಸಾಯಿತು, ಕೆಳಗೆ ಕಪ್ಪು ಬರೀ ಕಪ್ಪು. ಅಂಜಿಕೆಯಾಗುತ್ತಿದೆ, ಸಾವಿಗಲ್ಲ — ಸಾವಿಗೂ ಹೌದು, ಸುಳ್ಳೇಕೆ — ಆದರೆ ಅವಳ ಹೊಟ್ಟೆಯ ಆ ಉದ್ದ ಹೊಲಿಗೆ, ಬಗ್ಗಿದರೆ ಇನ್ನೂ ಮುಖ ಕಿವುಚುತ್ತಾಳೆ, ಅಷ್ಟೂ ನೋವನ್ನು ನಾನು ಒಂದು ಡಬ್ಬಿಯಲ್ಲಿ ಮುಚ್ಚಿಟ್ಟೆನೇ. ಹೇಳಿಬಿಡಲೇ, ಡಾಕ್ಟರಿಗೆ ಹೇಳಿದರೆ ಇನ್ನೂ ಏನಾದರೂ ಮಾಡಿಯಾರು, ಹೇಳುತ್ತೇನೆ, ಇಲ್ಲಿಂದ ಎದ್ದ ಕೂಡಲೇ. ಗಾಜಿನ ಆಚೆ ಅವಳ ತುಟಿ ಅಲುಗುತ್ತಿದೆ, ಣಮೋಕಾರ ಮಂತ್ರ, ನನಗಾಗಿ, ಮುಷ್ಟಿಯಲ್ಲಿ ಅಕ್ಕಿ ಹಿಡಿದು ಜಪಿಸುವುದು ಅವಳ ಅವ್ವನಿಂದ ಬಂದ ರೂಢಿ, ಚೀಲಕ್ಕೆ ಕೈ ಹಾಕಿದಳು, ಡಬ್ಬಿ ತೆಗೆದಳು, ಮುಚ್ಚಳ — ತಡಿಯವ್ವಾ — ಕಾಕಾ, ಹಲೂ ನಕಾ — ಬೆರಳು ತಳದವರೆಗೆ ಹೋದವು, ಮುಷ್ಟಿ ಮೇಲೆ ಬಂತು, ತುಟಿ ನಿಂತಿತು, ಮುಷ್ಟಿ ಬಿಚ್ಚಿದಳು, ಬಿಳಿ ಅಕ್ಕಿಯಲ್ಲಿ ಕೆಂಪು ಗುಳಿಗೆ, ಇತ್ತ ನೋಡುತ್ತಿಲ್ಲ, ಅಂಗೈಯನ್ನೇ ನೋಡುತ್ತಿದ್ದಾಳೆ, ಬಿಳಿ ಅಕ್ಕಿಯಲ್ಲಿ ಕೆಂಪು ಗುಳಿಗೆ, ಬಿಳಿ ಅಕ್ಕಿಯಲ್ಲಿ