ಕೀಲಿಯೊಳಗಿನ ಬಾಣಂತಿ

“ನಾ ಹೇಳೋದು ಒಂದೊಂದು ಮಾತೂ ಖರೆ ಐತ್ರಿ ಸಾವ್ಕಾರ್ರ. ಸುಳ್ಳಾತಂದ್ರ ನಾಳಿಂದ ನಾ ಮಾಡಿದ ಕೀಲಿಕೈ ಒಂದೂ ತಿರಗದಂಗ ಆಗ್ಲಿ,” ಎಂದು ದಾದಾಸಾಬ ಎದೆಯ ಮೇಲೆ ಕೈಯಿಟ್ಟು ಹೇಳಿದ. ಆ ಕೈಯಲ್ಲಿ ಉಳಿ ಇತ್ತು.

ಮಗ ಅರುಣಕುಮಾರನನ್ನು ಕರೆದುಕೊಂಡು ಅವನಿಗೆ ಕನ್ಯೆ ನೋಡಲು ತಿಕೋಟಾದಿಂದ ಬಂದಿದ್ದ ಶಿವಯೋಗೆಪ್ಪ ಆ ಉಳಿಯನ್ನು ನೋಡಿದರು, ಮುಚ್ಚಿದ ಬಾಗಿಲನ್ನು ನೋಡಿದರು, ನುಗ್ಗೆ ಮರದ ನೆರಳಲ್ಲಿ ತಮಗಾಗಿ ಹಾಕಿದ್ದ ಪಕ್ಕದ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿದರು. ಮೂರರಲ್ಲಿ ಯಾವುದನ್ನೂ ನಂಬಿದಂತೆ ಕಾಣಲಿಲ್ಲ.

“ಅಂದ್ರ, ಜೇನುಹುಳ ಮನಿಗಿ ಕೀಲಿ ಹಾಕೈತಿ.”

“ಹಾಕಿದ್ದು ಕನ್ಯಾದ ಅವ್ವ ಗುರುಬಸಕ್ಕನ ರೀ. ಹುಳಾ ತಗ್ಯಾಕ ಬಿಡವಲ್ದು, ಅಷ್ಟ.”

ದಾದಾಸಾಬ ಸೊಲ್ಲಾಪುರ ರಸ್ತೆಯ ಬೇವಿನ ಮರದಡಿ ಮೂವತ್ತು ವರ್ಷಗಳಿಂದ ಕೀಲಿಕೈ ಮಾಡಿಕೊಂಡು ಬಂದವ. ಅವನ ಕೈ ಎಂದೂ ಸುಳ್ಳು ಹೇಳಿದ್ದಿಲ್ಲ, ಬಾಯಿ ಎಂದೂ ಖರೆ ಹೇಳಿದ್ದಿಲ್ಲ. ಗೋಳಗುಮ್ಮಟದ ಬಾಗಿಲಿನ ಕೀಲಿ ಕೆಟ್ಟಾಗ ಅವನು ಅದರ ಮುಂದೆ ನಿಂತು ಒಮ್ಮೆ ‘ತಗಿ’ ಅಂದನಂತೆ. ಗುಮ್ಮಟದ ಪ್ರತಿಧ್ವನಿಯಲ್ಲಿ ಏಳು ಸಲ ಅದೇ ಮಾತು ಕೇಳಿ ಬೇಸತ್ತು ಕೀಲಿ ತಾನೇ ತೆರೆಯಿತಂತೆ. ಇಂಥ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಗಿರಾಕಿ ಕೀಲಿಕೈ ಇಸಿದುಕೊಂಡು ರಸ್ತೆ ದಾಟಿರುತ್ತಿದ್ದ. ಅವನ ಕಥೆಗಳ ಕೊನೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗೆ ನೋಡಿದರೆ ಅವನಿಗೂ.

ಈ ಸಲದ್ದು ಮಾತ್ರ ನಡೆದದ್ದೇ. ಇಬ್ರಾಹಿಂಪುರದ ಗುರುಬಸವ್ವ ಮಗಳು ನಂದಾಳ ಜೊತೆ ಬಬಲೇಶ್ವರದ ತಂಗಿಯ ಮನೆಯಲ್ಲಿ ಇಪ್ಪತ್ತು ದಿನ ಇದ್ದು ಇಂದು ಮಧ್ಯಾಹ್ನ ಬಸ್ಸಿಳಿದು ಬಂದರೆ, ಕೀಲಿಕೈ ತೂತಿನೊಳಗೆ ಹೋಗಲೇ ಇಲ್ಲ. ನಾಲ್ಕಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಫೋನು ಮಾಡಿದ ಹತ್ತು ನಿಮಿಷಕ್ಕೆ ದಾದಾಸಾಬ ಬಂದ. ಬಾಗಿಲಿಗೇ ಕೂರಿಸಿದ ಹಳೆಯ ಹಿತ್ತಾಳೆ ಕೀಲಿ ಅದು. ತಂತಿ ಹಾಕಿ ಮೆಲ್ಲಗೆ ಎಳೆದರೆ ಗುಲಾಬಿ ಎಲೆಯ ತುಂಡುಗಳನ್ನು ಸುತ್ತಿ ಮಾಡಿದ, ಮೋಟು ಬೀಡಿಯಂಥ ಒಂದು ಸುರುಳಿ ಹೊರಗೆ ಬಂತು. ಅದರೊಳಗೆ ಹಳದಿ ಹೂಪುಡಿಯ ಮುದ್ದೆ, ಮುದ್ದೆಯ ಮೇಲೆ ಅಕ್ಕಿ ನುಚ್ಚಿನಂಥ ಒಂದು ತತ್ತಿ.

“ಒಡೀಬ್ಯಾಡ್ರಿ ಕಾಕಾ!” ಎಂದು ನಂದಾ ಅವನ ಕೈ ಹಿಡಿದಳು. ಭೂತನಾಳದ ಸಾಲೆಯಲ್ಲಿ ಅವಳು ವಿಜ್ಞಾನದ ಟೀಚರು. “ಎಲಿ ಕತ್ತರಸೋ ಜೇನು ಇದು. ಇದಕ್ಕ ರಾಣಿ ಇಲ್ಲ, ದಂಡಿಲ್ಲ. ಒಂದ ಹೆಣ್ಣು, ತಾನ ಕತ್ತರಿಸಿ, ತಾನ ಹೊತ್ತು ತಂದು ಮನಿ ಕಟ್ಟತೈತಿ. ಇದ್ದಂಗ ಒಳಗ ಇಟ್ಟಬಿಡ್ರಿ.”

ಸುರುಳಿ ಕಿತ್ತೊಗೆದು ಕೀಲಿ ತೆಗೆಯಲು ಎರಡು ನಿಮಿಷ ಸಾಕು. ಸುತ್ತಲಿನ ಕಟ್ಟಿಗೆ ಕೊರೆದು ಅದನ್ನು ಇಡಿಯಾಗಿ ತೆಗೆಯಲು ಎರಡು ತಾಸು ಬೇಕು. ಗುರುಬಸವ್ವ ಎರಡು ನಿಮಿಷದ ಕಡೆ. “ಬಾಣಂತಿ ಖೋಲಿ ಬಾಗಲಾ ಒಡದ ಪಾಪ ನನಗ ಬ್ಯಾಡ ಯಕ್ಕಾ,” ಎಂದು ದಾದಾಸಾಬ ಉಳಿ ಹಿಡಿದು ಎರಡು ತಾಸಿನ ಕಡೆ ಸೇರಿದ. ಗಂಡಿನ ಕಡೆಯವರು ಒಂದು ತಾಸು ಮೊದಲೇ ಬಂದುಬಿಟ್ಟರು. ನಂದಾಳ ರೇಷ್ಮೆ ಸೀರೆ ಒಳಗೆ, ಕಪ್ಪುಬಸಿ ಒಳಗೆ, ಉಪ್ಪಿಟ್ಟಿನ ರವೆ ಒಳಗೆ. ಹಿತ್ತಲ ಬಾಗಿಲಿಗೂ ಒಳಗಿನಿಂದ ಅಗಳಿ.

“ಮನಿ ನಿಮ್ಮದ ಹೌದಲ್ರಿ ಬಾಯಾರ?” ಶಿವಯೋಗೆಪ್ಪ ಬಹಳ ಮೆತ್ತಗೆ ಕೇಳಿದರು. “ಅಲ್ಲ, ಸುಮ್ಮನ ಕೇಳಿದೆ.”

ಗುರುಬಸವ್ವನ ಮುಖ ಕೆಂಪಾಯಿತು. ದಾದಾಸಾಬನ ತೋಳು ಹಿಡಿದು ನುಗ್ಗೆ ಮರದ ಹಿಂದೆ ಎಳೆದುಕೊಂಡು ಹೋದಳು.

“ಲೇ ದಾದಾ, ಕೀಲಿಕೈ ಬಸ್ಸಿನ್ಯಾಗ ಬಿದ್ದು ಹೋತು ಅಂತ ಒಂದು ಸುಳ್ಳು ಒಗಿ. ದಿನಾ ಅದನ್ನ ಮಾಡ್ತಿ. ಈ ಸಂಬಂಧ ತಪ್ಪಿತಂದ್ರ ಅದ ಉಳಿಲೆ ನಿನ್ನ ಕೆತ್ತತೇನಿ ನೋಡು.”

ಚೊಕ್ಕ ಸುಳ್ಳು. ಯಾರಾದರೂ ನಂಬುವಂಥದ್ದು. ದಾದಾಸಾಬ ಅದನ್ನು ಬಾಯಿಯವರೆಗೆ ತಂದುಕೊಂಡ, ರುಚಿ ನೋಡಿದ, ನುಂಗಿದ.

“ಮೂವತ್ತು ವರ್ಷಕ್ಕ ಒಂದು ಖರೆ ಕೈಗಿ ಹತ್ತೇತಿ ಯಕ್ಕಾ. ಕೆಡಸಬ್ಯಾಡ.”

“ನಿನಗ ಖರೆ ಹೇಳೋ ಚಟಾ ಹತ್ತಾಕ ನನ್ನ ಮಗಳ ಲಗ್ನಾನ ಬೇಕಾಗಿತ್ತೇನು!”

ಪಕ್ಕದ ಮನೆಯ ಇರ್ಫಾನಾ ಚಹಾ ತಂದುಕೊಟ್ಟಳು. ಶಿವಯೋಗೆಪ್ಪ ಒಂದು ಗುಟುಕು ಕುಡಿದು, “ಹಂಗಾರ ಆ ಎಲಿ ಸುರುಳಿ ತೋರಸ್ರಿ ಸಾಬ್ರ,” ಎಂದರು.

“ಟೀಚರು ಒಳಗ ಇಡು ಅಂದ್ರು. ಇಟ್ಟೆ.”

“ತತ್ತಿ?”

“ಅದೂ ಒಳಗ ಐತ್ರಿ. ಮಲಗೈತಿ.”

ಶಿವಯೋಗೆಪ್ಪ ಲೋಟ ಕೆಳಗಿಟ್ಟು ಚಪ್ಪಲಿಗೆ ಕಾಲು ಹುಡುಕಿದರು. “ನಾ ದ್ರಾಕ್ಷಿ ಬೆಳದಾವ. ಹುಳಾ ಎಲಿ ತಿನ್ನೋದು ನೋಡೇನಿ, ಅಳತಿ ಹಚ್ಚಿ ಕತ್ತರಿಸಿ ಮನಿ ಕಟ್ಟೋದು ನೋಡಿಲ್ಲ. ನಡಿ ಅರುಣ, ಹೊತ್ತಾತು.”

ಮಗ ಅರುಣಕುಮಾರ ಕಟ್ಟೆ ಬಿಟ್ಟು ಏಳಲಿಲ್ಲ. ಅವನು ಗೋಡೆ ಬದಿಯ ಗುಲಾಬಿ ಗಿಡವನ್ನೇ ನೋಡುತ್ತಿದ್ದ. ಎಲೆ ಎಲೆಯ ಅಂಚಿಗೂ ಕಂಡಕ್ಟರು ಟಿಕೀಟಿಗೆ ಹೊಡೆದಂಥ ದುಂಡು ಕತ್ತರಿ ಬಿದ್ದಿತ್ತು.

“ಕಾಕಾ,” ಎಂದ ಅವನು, “ಒಂದು ಮನಿಗಿ ಎಷ್ಟು ಎಲಿ ಬೇಕಾಗ್ತಾವ್ರಿ?”

ದಾದಾಸಾಬ ಉಳಿ ಕೆಳಗಿಟ್ಟ. ಮೂವತ್ತು ವರ್ಷಗಳಲ್ಲಿ ‘ಮುಂದ?’ ಎಂದು ಕೇಳಿದವರಿಲ್ಲ. ಆ ಖುಷಿಗೆ ನಾಲಿಗೆ ತನ್ನ ಹಳೆಯ ಹಾದಿ ಹಿಡಿಯಿತು.

“ಎಣಿಸೇನ್ರಿ. ಹದಿನಾಕು. ಅದೂ ಸುಮ್ಮನ ತರಂಗಿಲ್ಲ ಮತ್ತ. ಮೊದಲ ನನ್ನ ಟೇಪು ಇಸಕೊಂಡು ತೂತಿನ ಅಳತಿ ತಗೊಂತು. ಆಮ್ಯಾಲ ನನ್ನ ಕಡೆ ಹಿಂಗ ನೋಡಿ, ‘ದಾದಾಸಾಬ, ನೀನೂ ಕೀಲಿ ಕೆಲಸದಾವ, ನಾನೂ—’”

ಅರುಣಕುಮಾರ ಎದ್ದು ನಡೆದುಬಿಟ್ಟ.

ದಾದಾಸಾಬನ ಬಾಯಿ ತೆರೆದೇ ಇತ್ತು. ಅವನ ಕಥೆ ಬಿಟ್ಟು ಎದ್ದವರೆಲ್ಲ ಇಷ್ಟು ದಿನ ಹೋದದ್ದು ರಸ್ತೆಯ ಕಡೆಗೆ. ಈ ಹುಡುಗ ಬಾಗಿಲಿನ ಕಡೆಗೆ ಹೋದ. ಅಲ್ಲಿ ಬಸ್ಸಿನ ಧೂಳು ಮೆತ್ತಿದ ಚೂಡಿದಾರದಲ್ಲೇ ನಂದಾ ಕುಕ್ಕರಗಾಲಲ್ಲಿ ಕೂತಿದ್ದಳು.

“ಸ್ವಲ್ಪ ಈ ಕಡೆ ಸರೀರಿ,” ಅವಳು ತಲೆಯೆತ್ತದೆ ಹೇಳಿದಳು. “ಆಕಿ ಹಾದ್ಯಾಗ ನಿಂತೀರಿ.”

ಅವನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಮುರಿಯುವಂತೆ ಅವಳ ಪಕ್ಕಕ್ಕೆ ಕುಕ್ಕರಿಸಿದ. ಶಿವಯೋಗೆಪ್ಪ ಮಗನ ಬೆನ್ನನ್ನೂ ಆ ಹುಡುಗಿಯ ಬೆನ್ನನ್ನೂ ನೋಡುತ್ತ ನಿಂತವರು, ಒಂದು ಕಾಲಿನ ಚಪ್ಪಲಿ ಬಿಟ್ಟು ಮತ್ತೆ ಕುರ್ಚಿಯಲ್ಲಿ ಕೂತು ಚಹಾದ ಲೋಟ ಎತ್ತಿಕೊಂಡರು.

ಗುಲಾಬಿ ಗಿಡದ ಕಡೆಯಿಂದ ಜೇನು ಬಂತು. ಹೊಟ್ಟೆಯಡಿ ತನಗಿಂತ ದೊಡ್ಡದಾದ ಒಂದು ಹಸಿರು ತುಂಡು ಮಡಚಿ ಹಿಡಿದಿತ್ತು. ಕೀಲಿಯ ಮುಂದೆ ಗಾಳಿಯಲ್ಲಿ ತುಸು ತಡೆಯಿತು. ಇಬ್ಬರೂ ಒಟ್ಟಿಗೇ ತಲೆ ಹಿಂದಕ್ಕೆ ತೆಗೆದುಕೊಂಡರು. ಅದು ಒಳಗೆ ಹೋಯಿತು. ಎಲೆಯ ಅಂಚು ಮಾತ್ರ ಒಂದಿಷ್ಟು ಹೊತ್ತು ತೂತಿನ ಹೊರಗೆ ಅಲುಗಾಡುತ್ತಿದ್ದು, ಆಮೇಲೆ ಅದೂ ಒಳಗೆ ಸರಿಯಿತು.