ಉಗುಳಬೇಕಾಗಿದ್ದ ಕಾಫಿ

ಕಾಫಿಯ ರುಚಿ ನೋಡುವವನು ಕಾಫಿ ಕುಡಿಯಬಾರದು. ಚಮಚದಿಂದ ಸುರ್ರನೆ ಹೀರಬೇಕು, ನಾಲಿಗೆಯ ಮೇಲೆ ಹೊರಳಿಸಬೇಕು, ಉಗುಳಬೇಕು. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡಿ ಮೂಟೆ ಕಟ್ಟುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಚಂದ್ರಶೇಖರಪ್ಪನವರು ಮೂವತ್ತು ವರ್ಷ ಹೀಗೆ ಉಗುಳಿಕೊಂಡೇ ಹೆಸರು ಮಾಡಿದವರು. ಅವರ ಶಿಷ್ಯ ನಂದನ್ ಮಾತ್ರ ಎರಡು ತಿಂಗಳಿಂದ ಒಂದು ತೊಟ್ಟೂ ಬಿಡದೆ ನುಂಗುತ್ತಿದ್ದ!

ಯಾಕಂತೀರಾ? ಜಿಮ್ಮಿನ ಹುಚ್ಚು. 1998ರ ದೇಹದಾರ್ಢ್ಯ ಸ್ಪರ್ಧೆ ಗೆಲ್ಲಲೆಂದು ವಾರಕ್ಕೆರಡು ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿದ್ದ. ಅದರ ಮೇಲೆ ಗಟ್ಟಿ ಕಾಫಿ ಬಿದ್ದರೆ ಕಸುವು ಇಮ್ಮಡಿ ಎಂದು ಜಿಮ್ಮಿನಲ್ಲಿ ಯಾರೋ ತಲೆಗೆ ತುಂಬಿದ್ದರು. ಪುಕ್ಕಟೆ ಕಾಫಿ ಎದುರಿಗಿರುವಾಗ ಉಗುಳುವುದುಂಟೇ? ತೋಳು ಉಬ್ಬಿತು, ಅಂಗಿಯ ಹೊಲಿಗೆ ಬಿಟ್ಟಿತು. ನಿದ್ದೆ ಹಾರಿತು. ಸಿಟ್ಟು ಮೂಗಿನ ತುದಿಗೇ ಬಂದು ಕೂತಿತು. ಬಸ್ಸಿನಲ್ಲಿ ಕಂಡಕ್ಟರ್ ‘ಮುಂದೆ ಹೋಗಿ’ ಎಂದರೂ ಮುಷ್ಟಿ ಬಿಗಿಯುತ್ತಿತ್ತು. ಇದೇ ಗಂಡಸುತನ ಎಂದು ಆ ಹುಂಬ ಒಳಗೊಳಗೇ ಹಿಗ್ಗುತ್ತಿದ್ದ.

ಆ ಸೋಮವಾರ ಅವನ ಹಣೆಬರಹ ತೀರ್ಮಾನವಾಗುವುದಿತ್ತು. ಚಂದ್ರಶೇಖರಪ್ಪನವರು ನಿವೃತ್ತರಾಗುವವರು. ಹಡಗಿಗೆ ಹೋಗಬೇಕಾದ ಕಾಫಿಯಲ್ಲಿ ಎಲ್ಲೋ ಹುಳಿತ ಬೀಜ ಸೇರಿದೆಯೆಂಬ ಅನುಮಾನ. ಯಾವ ಮೂಟೆಯೆಂದು ಯಾರಿಗೂ ತಿಳಿಯದು. ಮೇಜಿನ ಮೇಲೆ ಮೂಟೆಗೊಂದರಂತೆ ನಲವತ್ತು ಬಟ್ಟಲು. ನಂದನ್ ಕೆಟ್ಟದ್ದನ್ನು ಹಿಡಿಯಬೇಕು, ಗುರುಗಳು ತಾವೂ ರುಚಿ ನೋಡಿ ಹೌದೆನ್ನಬೇಕು. ಹೌದೆಂದರೆ ಅವರ ಕುರ್ಚಿ ನಂದನ್‌ಗೆ. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ನುಗ್ಗಿದ ನೋಡಿ! ಹೀರು, ನುಂಗು, ಹೀರು, ನುಂಗು. ಎದೆ ಡವಡವ, ಕಿವಿ ಬಿಸಿ. ಮೇಜನ್ನೇ ಎತ್ತಿ ಒಗೆಯುವಷ್ಟು ಹುರುಪು. ಹದಿನೇಳನೆಯ ಬಟ್ಟಲಿಗೆ ನಾಲಿಗೆ ತಟ್ಟನೆ ನಿಂತಿತು.

“ಇದೇ ಸಾರ್! ಸಿಕ್ತು!” ಎಂದು ಕೂಗಿದ.

ಗುರುಗಳು ನಕ್ಕರು. “ಗಡಿಬಿಡಿ ಎಂತಕ್ಕೆ ಮಾರಾಯ? ಇನ್ನೊಂದ್ಸಲ ನೋಡು.”

ಅಷ್ಟೇ ಅಂದದ್ದು. ನಂದನ್‌ನ ಮೈಯೆಲ್ಲ ಭಗ್ಗೆಂದಿತು. “ನನ್ ನೋಡಿ ನಗ್ತೀರಾ?” ಎಂದವನೇ ಗುದ್ದಿಬಿಟ್ಟ. ಏಟು ಅವರ ಬಾಯಿಗೇ ಬಿತ್ತು.

ಲೆಕ್ಕ ಬರೆಯುವ ರೈಟರ್ ಸಿದ್ದಬಸಪ್ಪ ಓಡಿಬಂದು ಅವನನ್ನು ಗೋಡೆಗೆ ಒತ್ತಿ ಹಿಡಿದ. ಆಗಲೇ ನಂದನ್‌ಗೆ ತಾನು ಮಾಡಿದ್ದೇನೆಂದು ಕಂಡದ್ದು. ನಾಚಿಕೆಯಿಂದ ಕುಗ್ಗಿಹೋದ. “ಹದಿನೇಳೇ ಸಾರ್, ದೇವರಾಣೆ, ನೀವೇ ನೋಡಿ,” ಎಂದು ಅತ್ತ.

ಚಂದ್ರಶೇಖರಪ್ಪನವರು ಆ ಬಟ್ಟಲಿನಿಂದ ಒಂದು ಚಮಚ ಹೀರಿದರು, ಹೊರಳಿಸಿದರು, ಉಗುಳಿದರು. ಬಿದ್ದದ್ದು ಕೆಂಪಗಿತ್ತು. ಬಾಯಿ ತೊಳೆದು ಮತ್ತೆ ಹೀರಿದರು.

“ಇದ್ರೂ ಇರ್ಬಹುದು ಕಣೋ,” ಎಂದರು, ಸೀಳಿದ ತುಟಿಗೆ ಕರವಸ್ತ್ರ ಒತ್ತಿಕೊಂಡು. “ನಂಗೆ ರಕ್ತ ಬಿಟ್ರೆ ಬೇರೆ ಎಂತದೂ ಗೊತ್ತಾಗ್ತಿಲ್ಲ.”